ಕೊಸರಿಗೆ ಬಂದ ಮೀನು

ಗಾಜಿನ ತೊಟ್ಟಿಗೆ ಮೂವತ್ತೆಂಟು ರೂಪಾಯಿ, ಮೀನಿಗೆ ಹನ್ನೆರಡು, ಒಟ್ಟು ಐವತ್ತು. ಅರುವತ್ತರ ದಶಕದ ಆರಂಭದಲ್ಲಿ ಅದು ನಮ್ಮ ಮನೆಯ ಎರಡು ತಿಂಗಳ ಅಕ್ಕಿಯ ದುಡ್ಡು. ತಿನ್ನಲಿಕ್ಕೆ ಬಾರದ ಮೀನಿಗೆ ಇಷ್ಟು ಯಾಕೆ ಸುರಿದಿರಿ ಎಂದು ಹೆಂಡತಿ ಕೇಳಿದಾಗ, ವ್ಯಾಪಾರಕ್ಕೆ ಬಂದವರು ನೋಡಲಿ ಎಂದೆ. ಅದು ಸುಳ್ಳು. ಮೂಡಬಿದಿರೆಯಲ್ಲಿ ತಂಗಿಯ ಮನೆಯಲ್ಲಿದ್ದ ಅಮ್ಮ ಬಂಟ್ವಾಳಕ್ಕೆ ಬಂದು ನಮ್ಮ ಹೊಸ ವರ್ಷದ ಬಿಸು ಹಬ್ಬದವರೆಗಾದರೂ ನನ್ನಲ್ಲಿ ನಿಲ್ಲಬೇಕಿತ್ತು. ಅದಕ್ಕೆ ಸುರಿದದ್ದು.

ನಮ್ಮದು ಅಳಿಯಕಟ್ಟು, ಮನೆತನ ಹೆಣ್ಣಿನ ಕಡೆಯಿಂದ. ತಾಯಿ ಮಗಳ ಜೊತೆ ಇರುವುದೇ ರೂಢಿ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಲಾಯಿಲದಲ್ಲಿ ತಲೆಹೊರೆಯಲ್ಲಿ ಹಂಚು ಹೊತ್ತು ಈ ಸಂಸಾರವನ್ನು ಎತ್ತಿದವನು ನಾನು. ಹಳೆಯ ಮರ, ಹಳೆಯ ಹಂಚಿನ ವ್ಯಾಪಾರ ಮಾಡಿ ಬಂಟ್ವಾಳದಲ್ಲಿ ಮನೆ ಕಟ್ಟಿದವನೂ ನಾನು. ತಂಗಿಯ ಗಂಡ ಎಂದರೆ ನನ್ನ ಭಾವ, ಅವನಿಗೆ ಹೋಟೆಲು ಅವನ ಸೋದರಮಾವನಿಂದ ಬಂದದ್ದು. ಅಂಗಡಿಯವನು ಹೇಳಿದ ಕ್ರಯಕ್ಕೆ ತಲೆ ಅಲ್ಲಾಡಿಸಿ ದುಡ್ಡು ಕೊಡುವ ಜನ. ಅವನ ಚಾವಡಿಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಕೆಂಪು ಮೀನು, ಎದುರು ಬೆತ್ತದ ಕುರ್ಚಿಯಲ್ಲಿ ನನ್ನ ಅಮ್ಮ. ನಾನು ಹೋದರೆ "ಬಂದೆಯಾ" ಎಂದು ಒಮ್ಮೆ ತಿರುಗಿ, ಮತ್ತೆ ಮೀನನ್ನೇ ನೋಡುತ್ತಿದ್ದಳು. ಒಂದು ಮೀನಿಗೆ ಬಾಲದಲ್ಲಿ ಕಪ್ಪು ಚುಕ್ಕೆ ಬಂದದ್ದನ್ನು ನನಗೆ ಮೂರು ಸಲ ತೋರಿಸಿದಳು. ನನ್ನ ತಲೆ ನೆರೆತದ್ದನ್ನು ಒಂದು ಸಲವೂ ಕೇಳಲಿಲ್ಲ.

ತೊಟ್ಟಿಯನ್ನು ನಾನೇ ಮಾಡಿಸಿದೆ. ಹಳೆಯ ಕಪಾಟುಗಳ ಗಾಜು ನನ್ನಲ್ಲೇ ಇತ್ತು, ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಹಾಕಿ ಕೂರಿಸಿದ್ದು. ಭಾವನದ್ದಕ್ಕಿಂತ ಅರ್ಧ ಮೊಳ ಉದ್ದ ಇರಲೇಬೇಕೆಂದು ಅಳತೆ ಕೊಟ್ಟೆ. ಮೀನು ಮಂಗಳೂರಿನ ಒಬ್ಬನಿಂದ. ಅವನು ಬೊಂಬಾಯಿಯಿಂದ ತರಿಸಿ ಮಾರುತ್ತಿದ್ದ. ಹದಿನೆಂಟು ಹೇಳಿದವನನ್ನು ಹನ್ನೆರಡಕ್ಕೆ ಇಳಿಸಿದೆ. ಆಮೇಲೆ ಕೊಸರು ಕೇಳಿದೆ. ತೆಂಗಿನಕಾಯಿ ಕೊಂಡರೂ ಬದನೆ ಕೊಂಡರೂ ಮೇಲಿಂದ ಒಂದು ಹಾಕಿಸಿಕೊಳ್ಳದೆ ನಾನು ಹೆಜ್ಜೆ ಕೀಳುವವನಲ್ಲ. ಅವನು ಮೂಲೆಯ ಮಡಕೆಯಿಂದ ಮಂಕಾಗಿದ್ದ ಒಂದನ್ನು ಎತ್ತಿ, ತೆಗೆದುಕೊಳ್ಳಿ ಎಂದು ನನ್ನ ಪಾತ್ರೆಗೆ ಬಿಟ್ಟ. ಬಸ್ಸಿನಲ್ಲಿ ಮಡಿಲ ಮೇಲೆ ಪಾತ್ರೆ ಇಟ್ಟುಕೊಂಡು, ಭಾವನಿಗೆ ಈ ಜನ್ಮದಲ್ಲಿ ಇದು ಸಾಧ್ಯ ಉಂಟಾ ಎಂದು ಖುಷಿಪಟ್ಟೆ.

ಸುಗ್ಗಿ ಕಳೆದ ಮೇಲೆ ಅಮ್ಮ ಬಂದಳು. ಮೀನು ನೋಡಿ, ಬಿಸು ಕಣಿ ಇಲ್ಲೇ ನೋಡುವ, ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ಕಾಣುವ ಹಣ್ಣು ತರಕಾರಿ ನಿನ್ನ ಮನೆಯದ್ದೇ ಇರಲಿ ಎಂದಳು. ಮೊದಲ ವಾರ ನನ್ನ ಮನೆಯಲ್ಲೂ ಒಂದು ಕುರ್ಚಿ ತೊಟ್ಟಿಯ ಎದುರು ಬಂತು. ಎರಡನೆಯ ವಾರ ಕೊಸರಿನ ಮೀನಿನ ಮೈಮೇಲೆ ಉಪ್ಪಿನ ಹರಳು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಅದು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ನಾಲ್ಕು ದಿನದಲ್ಲಿ ಎಲ್ಲದರ ಮೈಮೇಲೂ ಚುಕ್ಕೆ ಬಂತು, ದಿನಕ್ಕೆ ಎರಡರಂತೆ ಮಗುಚಿದವು. ಮನೆಯೊಳಗೆ ದಿನಾ ಸಾವು ನೋಡಲಿಕ್ಕೆ ತನ್ನಿಂದ ಆಗುವುದಿಲ್ಲ, ಗುರುವಾರದ ಬಸ್ಸಿಗೆ ಹೊರಡುತ್ತೇನೆ ಎಂದು ಅಮ್ಮ ಸೀರೆ ಮಡಚತೊಡಗಿದಳು. ಬಿಸುವಿಗೆ ಇನ್ನೂ ಹತ್ತು ದಿನ ಇತ್ತು.

ಮರುದಿನ ಬೆಳಗಿನ ಬಸ್ಸು ಹಿಡಿದು ಮೂಡಬಿದಿರೆಗೆ ಹೋದೆ. ಭಾವನ ಹತ್ತಿರ ಕೇಳುವುದಕ್ಕಿಂತ ನೇತ್ರಾವತಿಗೆ ಹಾರುವುದು ಸುಲಭ ಅನಿಸಿತ್ತು. ಅವನು ಹೋಟೆಲಿನ ಗಲ್ಲೆಯಿಂದ ಎದ್ದು ಬಂದು ಪಕ್ಕದಲ್ಲಿ ಕೂತ. ಯಾರ ಮೀನು, ಎಷ್ಟು, ಯಾವುದು ಮೊದಲು ಹೋದದ್ದು ಎಂದೆಲ್ಲ ವಿಚಾರಿಸಿದ. ಕೊಸರಿನದ್ದು ಹೇಳಲೇಬೇಕಾಯಿತು.

"ಅಲ್ಲ ಭಾವ, ಮೀನಿಗೂ ಕೊಸರು ಕೇಳುವುದುಂಟಾ? ಮಾರುವವ ಒಳ್ಳೆಯದನ್ನು ಧರ್ಮಕ್ಕೆ ಕೊಡುತ್ತಾನಾ?" ಎಂದು ಅವನು ಕೇಳಿದ.

ನಕ್ಕು ಹೇಳಿದ್ದರೆ ಜಗಳ ಮಾಡಬಹುದಿತ್ತು. ಅವನು ನಗಲಿಲ್ಲ. ಮಾಡಬೇಕಾದದ್ದನ್ನು ಒಂದೊಂದಾಗಿ ಹೇಳಿ, ಒಟ್ಟು ಇಪ್ಪತ್ತು ದಿನ ಹಿಡಿಯುತ್ತದೆ, ಅವಸರ ಮಾಡಬೇಡಿ ಎಂದ. ಅವಲಕ್ಕಿ ಕೊಟ್ಟ. ರುಚಿಯಾಗಿತ್ತು, ಅದನ್ನೂ ಸಹಿಸಲಿಕ್ಕೆ ಆಗಲಿಲ್ಲ.

ಮನೆಗೆ ಬಂದು ಅಮ್ಮನಿಗೆ, ತೊಳೆಯುವ ಕೆಲಸಕ್ಕೆ ಹೇಳಿಕೊಡುವವರು ಬೇಕು, ಇಪ್ಪತ್ತು ದಿನ ನಿಲ್ಲು ಎಂದೆ.

"ನನಗೆ ಏನು ಗೊತ್ತುಂಟು ಮಗಾ?"

"ಭಾವ ಮಾಡುವಾಗ ನೋಡಿದ್ದೀಯಲ್ಲ."

ಆ ಹೆಸರಿಗೆ ನಿಂತಳು. ನನ್ನ ಮಾತಿಗಲ್ಲ.

ಉಳಿದ ಎರಡು ಮೀನು ಬೇರೆ ಮಡಕೆಯಲ್ಲಿ ಉಪ್ಪುನೀರು ಕಂಡೂ ಬದುಕಲಿಲ್ಲ. ನೀರನ್ನು ಬಾವಿಯಿಂದ ದೂರ ಗುಂಡಿಗೆ ಚೆಲ್ಲಿ, ಮರಳನ್ನೂ ಗಿಡಗಳನ್ನೂ ಅದೇ ಗುಂಡಿಗೆ ಹಾಕಿ ಮುಚ್ಚಿದೆ. ನೆರೆ ಇಳಿದ ಮೇಲೆ ನಾವು ಬಾವಿಗೆ ಹಾಕುವ ಬಿಳಿ ಬ್ಲೀಚಿಂಗ್ ಪುಡಿಯನ್ನು ಕದಡಿ ತೊಟ್ಟಿ ತುಂಬಿಸಿ ಒಂದು ದಿನ ಬಿಟ್ಟೆ. ಕಲ್ಲನ್ನು ಬಚ್ಚಲಿನ ಹಂಡೆಯಲ್ಲಿ ಬೇಯಿಸಿದೆ. ಮೀನು ಹಿಡಿಯುವ ಬಟ್ಟೆಯ ಬಲೆಯನ್ನೂ ಬೇಯಿಸಿದೆ. ಆಮೇಲೆ ತೊಳೆದದ್ದೇ ತೊಳೆದದ್ದು. ಅಮ್ಮ ಪ್ರತಿ ಸಲ ಮೂಗು ಇಟ್ಟು, ಇನ್ನೂ ವಾಸನೆ ಉಂಟು ಎನ್ನುವಳು. ಒಣಗಲಿ ಎಂದು ಅಂಗಳದಲ್ಲಿ ಮಟಮಟ ಮಧ್ಯಾಹ್ನದ ಬಿಸಿಲಿಗೆ ಇಟ್ಟೆ, ಪುಟ್ಟಿ ಬಿರಿಯಿತು. ಅದು ನನ್ನ ಸ್ವಂತ ಬುದ್ಧಿ, ಭಾವ ಹೇಳಿದ್ದಲ್ಲ. ಪುನಃ ಪುಟ್ಟಿ ಹಾಕಿಸಿ ಜಗಲಿಯಲ್ಲಿ ಒಣಗಿಸುವಾಗ ಮೂರು ದಿನ ಹೋಯಿತು. ಆ ಮೂರು ದಿನ ನನಗೆ ಲಾಭವೇ.

ಹೊಸ ಮರಳು, ಬಾವಿಯ ನೀರು ತುಂಬಿಸಿದ ದಿನ ಭಾವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ. ಅವನ ತೊಟ್ಟಿಯ ಒಂದು ಮುಷ್ಟಿ ಹಸಿ ಮರಳು. ಅದು ಸೇರಿದರೆ ನೀರು ಬೇಗ ಹದಕ್ಕೆ ಬರುತ್ತದಂತೆ. ನನ್ನ ತೊಟ್ಟಿಗೆ ಅವನ ಕೆಸರು! ಹೊಳೆಬದಿಯವರೆಗೆ ಹೋದೆ, ಡಬ್ಬಿಯ ಮುಚ್ಚಳವನ್ನೂ ತೆಗೆದೆ. ಎಸೆದರೆ ಮೀನು ಸತ್ತೀತು, ಸತ್ತರೆ ಅಮ್ಮ ಹೋದಾಳು ಎಂದು ಲೆಕ್ಕ ಹಾಕಿ ಹಿಂದೆ ಬಂದು ತೊಟ್ಟಿಗೆ ಸುರಿದೆ.

ಬಿಸುವಿನ ಬೆಳಿಗ್ಗೆ ಕಣಿ ನೋಡಿ, ಅಮ್ಮನ ಕಾಲು ಹಿಡಿದು, ಇಬ್ಬರೂ ಬರೀ ನೀರಿನ ಎದುರು ಕೂತೆವು. ನೋಡಲಿಕ್ಕೆ ಏನೂ ಇರಲಿಲ್ಲವಾದ್ದರಿಂದ ಮಾತು ಬಂತು. ಲಾಯಿಲದಲ್ಲಿ ನನ್ನ ನೆತ್ತಿಯ ಗಾಯಕ್ಕೆ ಅರಸಿನ ಹಚ್ಚುತ್ತಿದ್ದದ್ದು ಅವಳಿಗೆ ನೆನಪಿತ್ತು. ಕೂದಲು ಸರಿಸಿ ಕಲೆ ಹುಡುಕಿದಳು. "ಇಷ್ಟು ಬೆಳ್ಳಗಾಗಿದೆ, ನನಗೆ ಹೇಳಲೇ ಇಲ್ಲ" ಎಂದಳು. ನಾನು ತಲೆಯನ್ನು ಇನ್ನಷ್ಟು ಬಗ್ಗಿಸಿ ಕೊಟ್ಟೆ.

ಇಪ್ಪತ್ತಮೂರನೆಯ ದಿನ ಭಾವನೇ ನಾಲ್ಕು ಮೀನು ಹಿಡಿದುಕೊಂಡು ಬಂದ. ಅವುಗಳಲ್ಲಿ ಬಾಲದ ಕಪ್ಪು ಚುಕ್ಕೆಯದ್ದೂ ಇತ್ತು. ಕ್ರಯ ಕೇಳಿದೆ, ತೆಗೆದುಕೊಳ್ಳಲಿಲ್ಲ. ಹಣ ತೆಗೆದುಕೊಂಡಿದ್ದರೆ ನನಗೆ ಸ್ವಲ್ಪ ತಂಪಾಗುತ್ತಿತ್ತು. ಅಮ್ಮ ತನ್ನ ಕೈಯಿಂದಲೇ ಬಿಟ್ಟಳು. ಮೀನುಗಳು ಒಂದು ಸುತ್ತು ಹೊಡೆದು ನೆಮ್ಮದಿಯಾದವು. ಗಂಟೆ ಕಳೆದ ಮೇಲೆ, "ಇನ್ನು ಇವಕ್ಕೆ ಭಯ ಇಲ್ಲ. ಅಳಿಯ ಹೇಗೂ ಬಂದಿದ್ದಾನಲ್ಲ, ಅವನ ಜೊತೆಗೇ ಹೋಗ್ತೇನೆ" ಎಂದಳು. ಮಧ್ಯಾಹ್ನದ ಬಸ್ಸಿಗೆ ಅವಳ ಗಂಟನ್ನು ಹೊತ್ತವನು ಭಾವ. ಇನ್ನೊಂದು ಹತ್ತು ಸಲ ತೊಳೆಯಬೇಕಿತ್ತು ಎಂದು ನಾನು ಕಟ್ಟೆಯ ಮೇಲೆ ನಿಂತು ಯೋಚಿಸುತ್ತಿದ್ದೆ.

ಆದ್ದರಿಂದ ನೀವು ಮೀನು ಸಾಕುವುದಾದರೆ ಹೇಳುತ್ತೇನೆ. ಹೊಸ ಮೀನನ್ನು ಮೂರು ವಾರ ಬೇರೆ ಮಡಕೆಯಲ್ಲಿಟ್ಟು ನೋಡಿ, ಆಮೇಲೆ ತೊಟ್ಟಿಗೆ ಬಿಡಿ. ರೋಗ ಬಂದ ತೊಟ್ಟಿಯ ಮರಳನ್ನು ಉಳಿಸಬೇಡಿ, ಒಂದು ಬುಟ್ಟಿ ಮರಳಿಗೆ ಜಿಪುಣತನ ಯಾಕೆ. ಬ್ಲೀಚಿಂಗ್ ಪುಡಿಯನ್ನು ಮುಟ್ಟುವಾಗ ಕಿಟಕಿ ತೆರೆದಿರಲಿ. ವಾಸನೆ ಪೂರಾ ಹೋದ ಮೇಲೂ ಎರಡು ಸಲ ತೊಳೆಯಿರಿ, ನೆರಳಲ್ಲಿ ಒಣಗಿಸಿ. ನೀರು ತುಂಬಿಸಿದ ದಿನವೇ ಮೀನು ಬಿಡಬೇಡಿ. ಏನಾದರೂ ಸಂಶಯ ಬಂದರೆ ತಿಳಿದವರನ್ನು ಮೊದಲನೆಯ ಚುಕ್ಕೆ ಕಂಡ ದಿನವೇ ಕೇಳಿ. ತಿಳಿದವರು ನಿಮಗೆ ಆಗದವರಾದರೂ ಕೇಳಿ, ಬಸ್ಸಿನ ಚಾರ್ಜು ಮಾತ್ರ ಖರ್ಚು.