ಫೋನ್ ನಂಬರಿಗೆ ಕಟ್ಟಿದ ಪಾಠ

ಮೊಬೈಲಿನಲ್ಲಿ ಓದು ಕಲಿಸುವ ಸೇವಾಸಂಸ್ಥೆಯೊಂದಕ್ಕೆ ಕಲಿಯುವವರ ಮಾಹಿತಿ ಇಡುವ ವ್ಯವಸ್ಥೆಯನ್ನು ನಾನು ರೂಪಿಸಿಕೊಟ್ಟಿದ್ದೆ. ಬಹುಕಾಲ ಪಾಠ ತೆರೆಯದವರ ಹೆಸರಿನ ಮುಂದೆ ‘ಬಿಟ್ಟವರು’ ಎಂದು ತಾನಾಗಿಯೇ ಬೀಳುತ್ತಿತ್ತು. ಅಂಥವರಲ್ಲಿ ಮರವಂತೆಯ ಮೀನು ಮಾರುವ ಹೆಂಗಸೊಬ್ಬರನ್ನು ಹುಡುಕಿಕೊಂಡು ಹೋದೆ. ಓದು ಯಾಕೆ ಬಿಟ್ಟಿರಿ ಎಂದು ಕೇಳಿದೆ.

“ನಾನ್ ಬಿಡ್ಲಿಲ್ಲ ಮಾರಾಯ್ರೆ. ಮನೆಗ್ ಇದ್ದದ್ ಒಂದೇ ಫೋನ್. ಅದನ್ನ ಕಿಸೆಗ್ ಹಾಕ್ಕಂಡ್ ನಮ್ಮನೆಯವ್ರ್ ಕಡ್ಲಿಗ್ ಹೋದ್ರ್. ದೋಣಿ ಮಗಚಿತ್. ಅವ್ರೂ ಬರ್ಲಿಲ್ಲ, ಫೋನೂ ಬರ್ಲಿಲ್ಲ.”

ಪ್ರತಿಯೊಬ್ಬರ ಪಾಠವನ್ನೂ ನಾನು ಫೋನ್ ನಂಬರಿಗೇ ಕಟ್ಟಿಹಾಕಿದ್ದೆ. ಕುಂದಾಪುರಕ್ಕೆ ಮರಳಿದವನೇ ಕೂತು ಅದನ್ನು ಅವರವರ ಹೆಸರಿಗೆ ಬದಲಿಸಿದೆ. ಮುಂದಿನ ವಾರ ಸಂಸ್ಥೆಯ ಫೋನೊಂದನ್ನು ಆ ಹೆಂಗಸಿನ ಕೈಗಿತ್ತಾಗ, ಹಿಂದೆ ನಿಲ್ಲಿಸಿದ್ದ ಪಾಠವೇ ತೆರೆದುಕೊಂಡಿತು. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು, ಮೆಲ್ಲಗೆ ಓದತೊಡಗಿದರು.