ಲಸಿಕೆಯವಳಿಗೆ ಬಾಡಿಗೆ ಮನೆ

ಸ್ನೇಹಿತರೇ, ಕುರುಗೋಡಿನಿಂದ ಬಳ್ಳಾರಿಯ ಲ್ಯಾಬಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಇವತ್ತು ಅಲ್ಲಿನ ಪಾರ್ವತಿನಗರದಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಮನೆಯೊಡತಿ ಗೇಟು ತೆರೆಯದೆಯೇ ವಿಚಾರಣೆ ಶುರು ಮಾಡಿದರು.

“ಏನ್ ಕೆಲಸ ಮಾಡ್ತೀಯವ್ವಾ?”

“ಲಸಿಕೆ ಸಂಶೋಧನೆ ರೀ. ವೈರಸ್ ಮ್ಯಾಲೆ.”

ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಸಮಾಧಾನವಾಗಿ ವಿವರಿಸಿದೆ. ನಿರುಪದ್ರವಿ ವೈರಸ್ ಒಂದರೊಳಗೆ ರೋಗಾಣುವಿನ ಒಂದೇ ಒಂದು ಜೀನ್ ಇಟ್ಟು ಕಳಿಸುತ್ತೇವೆ. ನಮ್ಮ ಜೀವಕೋಶ ಅದನ್ನು ಓದಿ ಆ ರೋಗಾಣುವಿನ ಪ್ರೋಟೀನ್ ತಯಾರಿಸುತ್ತದೆ. ದೇಹ ಅದನ್ನು ನೋಡಿ ಶತ್ರುವಿನ ಗುರುತು ಹಿಡಿಯಲು ಕಲಿಯುತ್ತದೆ.

“ಅಂದ್ರ ನಮ್ಮ ಮನ್ಯಾಗ ಬಂದು, ನಮ್ಮ ಒಲಿ ಮ್ಯಾಲೆ ತನ್ನ ಅಡಿಗಿ ಮಾಡಿಸ್ಕೊಳ್ತೈತಿ?”

“ಹೂಂ ರೀ.”

“ಮೊದಲಿದ್ದ ಬಾಡಿಗಿಯವರಂಗ ಒಬ್ಬರೇ ಅಂತ ಬಂದು ಸಂಸಾರ ಬೆಳಸಂಗಿಲ್ಲ?”

“ಇಲ್ರಿ. ಬೆಳಿಯೋ ಜೀನ್ ಮೊದಲೇ ತಗದಿರ್ತೀವಿ.”

“ಖಾಲಿ ಮಾಡು ಅಂದ್ರ ಜಗಳ?”

“ಸ್ವಲ್ಪ ದಿನಕ್ಕ ತಾನ ಹೋಗತೈತ್ರಿ.”

ಮೊದಲ ಸಲ ಅವರ ಮುಖ ಅರಳಿತು. “ಅಂಥದ್ದಾದ್ರ ನಾಳೇನೇ ಬರ್ಲಿ. ನಿನ್ನ ವಿಚಾರ ನಮ್ಮ ಮನಿಯವರನ್ನ ಕೇಳಿ ಹೇಳ್ತೀನಿ.”

ಗೇಟು ತೆರೆಯಲೇ ಇಲ್ಲ. ವೈರಸ್‌ಗೆ ಬಳ್ಳಾರಿಯಲ್ಲಿ ಮನೆ ಸಿಕ್ಕಿತು. ಅದನ್ನು ಪಳಗಿಸಿದ ನಾನು ಕುರುಗೋಡಿನ ಬಸ್ಸಿನಲ್ಲಿ ನಿಂತುಕೊಂಡು ಇದನ್ನು ಬರೆಯುತ್ತಿದ್ದೇನೆ.