ಸಾವಿನ ಮನೆಯಲ್ಲಿ ಆಡಬಾರದ ಮಾತು

ಕೊಂಢವಾ ಬಡಾವಣೆಯಲ್ಲಿ ದಾರಿ ತಪ್ಪಿ ಒಂದೇ ಗಲ್ಲಿಗೆ ಮೂರನೇ ಸಲ ಬಂದಾಗ, ನನಗೆ ಬೇಕಿದ್ದ ಕಟ್ಟಡ ಎಲ್ಲಿದೆ ಎಂದು ಅಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಹರಕುಮುರುಕು ಮರಾಠಿಯಲ್ಲಿ ಕೇಳಿದೆ. ಆಕೆಗೆ ನನ್ನ ಮರಾಠಿಯನ್ನು ಸಹಿಸಲಾಗಲಿಲ್ಲ.

"ಕನ್ನಡದಾಗ ಕೇಳ್ರಿ ಬಾಯಾರ. ಯಾರ ಮನಿಗಿ?"

"ಗೆಳತಿ ಮನೆಗೆ. ಅವಳ ಗಂಡ ತೀರಿಕೊಂಡರು. ಮಾತಾಡಿಸಿ ಬರಬೇಕು."

"ಅಯ್ಯ ಪಾಪ! ಯಾವಾಗ್ರಿ?"

"ಎಂಟು ತಿಂಗಳಾಯಿತು. ನಾನು ಊರೂರು ತಿರುಗುವವಳು..."

"ಎಂಟು ತಿಂಗಳಾ? ಭಾಳ ಲಗೂ ಬಂದ್ರಿ ಬಿಡ್ರಿ," ಎಂದು ಎಡಗಡೆಯ ಗೇಟು ತೋರಿಸಿದಳು.

ಸುದ್ದಿ ತಿಳಿದಾಗ ಫೋನಿನಲ್ಲಿ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗಿದ್ದೆ. ಗೆಳತಿ ಇನ್ನು ನನ್ನನ್ನು ಮನೆಯೊಳಗೆ ಸೇರಿಸುತ್ತಾಳೋ ಇಲ್ಲವೋ ಎಂಬ ಅಳುಕಿತ್ತು.

"ಬದುಕಿದ್ದೀಯಾ?" ಎನ್ನುತ್ತ ಬಾಗಿಲು ತೆಗೆದಳು. ನಾನು ಹೊಂದಿಸಿಕೊಂಡು ಬಂದಿದ್ದ ಸಾಂತ್ವನದ ಮಾತುಗಳಿಗೆ ಎಡೆಕೊಡಲಿಲ್ಲ. ಅವಳು ಗಂಡನ ಆಸ್ಪತ್ರೆಯ ಕತೆಯನ್ನು, ಡಾಕ್ಟರ ಅಲಕ್ಷ್ಯವನ್ನೂ ಸೇರಿಸಿ, ಮೊದಲಿನಿಂದ ಹೇಳಿದಳು. ಪ್ರಯಾಣದಲ್ಲಿ ಸವೆದ ಬೆನ್ನು ನೋಯುತ್ತಿದ್ದರೂ ಕೂತು ಕೇಳಿದೆ.

ಏಳುವಾಗ ಅಭ್ಯಾಸಬಲದಿಂದ "ಬರ್ತೀನಿ" ಅಂದುಬಿಟ್ಟೆ. ಸಾವಿನ ಮನೆಯಿಂದ ಹಾಗೆ ಹೇಳಿ ಹೊರಡಬಾರದು. ನಾಲಿಗೆ ಕಚ್ಚಿಕೊಂಡೆ.

"ಎಲ್ರೂ ಶಾಸ್ತ್ರ ಬಿಡದೆ, ಹೇಳದೇನೇ ಹೋದ್ರು," ಅಂದಳು. "ಆಮೇಲೆ ಒಬ್ರೂ ಈ ಕಡೆ ತಲೆಹಾಕಲಿಲ್ಲ. ನೀನು ಹೇಳಿದ್ದೀಯ. ಬರಬೇಕು."

ಮುಂದಿನ ಭಾನುವಾರ ದಿಲ್ಲಿಯ ಟಿಕೆಟ್ ರದ್ದುಮಾಡಿ, ಕೊಟ್ಟ ಮಾತಿನ ಸಾಲ ತೀರಿಸಲು ಹೋದೆ. ಮತ್ತೆ ಅದೇ ಆಸ್ಪತ್ರೆಯ ಕತೆ, ಮೊದಲಿನಿಂದ. ಡಾಕ್ಟರು ಮಾತ್ರ ಈ ಸಲ ಇನ್ನಷ್ಟು ಕೆಟ್ಟವರಾಗಿದ್ದರು. ನಾನೂ ಅವರನ್ನು ಚೆನ್ನಾಗಿ ಬೈದೆ.